ಸೊನ್ನೆಯಿಂದ ಎಣಿಸುವ ಮಾವ

ನಮ್ಮ ಸೋದರಮಾವನಿಗೆ ಕಂಪ್ಯೂಟರ್ ಬರುತ್ತದೆ ಎಂದು ನಂಬಿದವರು ಈ ಭೂಮಿಯ ಮೇಲೆ ಇಬ್ಬರೇ ಇಬ್ಬರು. ಒಬ್ಬ ಸ್ವತಃ ನಮ್ಮ ಮಾವ. ಇನ್ನೊಬ್ಬಳು ನಮ್ಮ ಅವ್ವ, ಅಂದರೆ ಅವನ ಅಕ್ಕ. ಆದರೆ ಅವ್ವನ ಮಾತು ನಿಂತು ಎಂಟು ತಿಂಗಳಾಯಿತು, ಹೀಗಾಗಿ ಮಾವನ ಪರವಾಗಿ ಸಾಕ್ಷಿ ಹೇಳುವವರೇ ಇಲ್ಲ! ನಾನೇನು ಹೇಳುತ್ತೇನೆ ಎಂದು ಕೇಳಬೇಡಿ. ನನಗೆ ಸಾಕಾಗಿದೆ. ಸಾಕಾಗಿದೆ ಎಂದು ಹೇಳುವುದಕ್ಕೂ ಸಾಕಾಗಿದೆ.

ಅವ್ವನಿಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲು, ನಾಲಗೆ ಮೂರೂ ಒಟ್ಟಿಗೆ ಮುಷ್ಕರ ಹೂಡಿದವು. "ತಲಿ ಛಲೋ ಐತ್ರಿ ಅವರ್ದು. ಎಲ್ಲಾ ತಿಳೀತೈತಿ. ನಾಲಿಗಿ ಅಷ್ಟ ಹೊಳ್ಳವಲ್ದು" ಎಂದರು ಕೊಪ್ಪಳದ ಡಾಕ್ಟರು. ಅವ್ವ ಸಾಲಿ ಮೆಟ್ಟಿಲು ಹತ್ತಿದವಳಲ್ಲ, ಆದ್ದರಿಂದ ಬರೆದು ತೋರಿಸುವ ದಾರಿಯೂ ಇರಲಿಲ್ಲ. ಉಳಿದದ್ದು ಎಡಗೈ ಸನ್ನೆ. ನೀರು, ಅನ್ನ, ಬಚ್ಚಲು ಇವುಗಳ ಸನ್ನೆಗಳು ನಮಗೆ ಎರಡು ದಿನಕ್ಕೇ ತಿಳಿದುಹೋದವು.

ತಿಳಿಯದೆ ಉಳಿದದ್ದು ಒಂದೇ ಒಂದು. ಅವ್ವ ನನ್ನ ಕಡೆ ಬೆರಳು ಮಾಡುತ್ತಿದ್ದಳು, ಆಮೇಲೆ ಮಂಚವನ್ನು ಪಟಪಟ ಬಡಿಯುತ್ತಿದ್ದಳು, ಆಮೇಲೆ ಅಂಗೈ ಎತ್ತಿ ಅಲ್ಲಾಡಿಸುತ್ತಿದ್ದಳು. ಹಾಸಿಗೆ ಒತ್ತುತ್ತದೆಯೇನೋ ಎಂದು ಹೊಸ ಹತ್ತಿ ತುಂಬಿಸಿ ತಂದೆ. ಮತ್ತೆ ಬಡಿದಳು. ಚಾದರ ಹೊಲಸಾಗಿದೆಯೇನೋ ಎಂದು ದಿನಕ್ಕೆ ಎರಡು ಸಲ ಒಗೆದೆ. ಇನ್ನೂ ಜೋರಾಗಿ ಬಡಿದಳು. ದಿಕ್ಕು ಸರಿಯಿಲ್ಲವೇನೋ ಎಂದು ಅಷ್ಟು ಭಾರದ ಮಂಚವನ್ನು ಒಬ್ಬಳೇ ಎಳೆದು ತಿರುಗಿಸಿದೆ. ಅವತ್ತಂತೂ ಸಿಟ್ಟಿಗೆ ಕಣ್ಣಲ್ಲಿ ನೀರೇ ತಂದುಕೊಂಡಳು! ಈ ಹೆಣ್ಣುಮಗಳು ಏನು ಹೇಳಬೇಕೆಂದಿದ್ದಾಳೆ? ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಇದ್ದದ್ದು ಇದೊಂದೇ ಪ್ರಶ್ನೆ.

ನಾನು ಗಂಗಾವತಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಮ್ಮ ಮನೆಯವರು ಕುಷ್ಟಗಿಯಲ್ಲಿ ಬಸ್ಸಿನ ಕಂಡಕ್ಟರು, ವಾರಕ್ಕೊಮ್ಮೆ ಮುಖ ತೋರಿಸುತ್ತಾರೆ. ಮಗ ಯಲಬುರ್ಗಾದಲ್ಲಿ ಹಾಸ್ಟೆಲ್ ಸೇರಿದ್ದಾನೆ. ನಾನು ಶಾಲೆಗೆ ಹೋದಾಗ ಅವ್ವನನ್ನು ನೋಡಿಕೊಳ್ಳುವವಳು ಮಗ್ಗಲ ಮನೆಯ ಖೈರುನ್ ಅಕ್ಕ. ತನ್ನ ಹೊಲಿಗೆ ಯಂತ್ರವನ್ನೇ ನಮ್ಮ ಪಡಸಾಲೆಗೆ ತಂದಿಟ್ಟುಕೊಂಡಿದ್ದಾಳೆ, ಪುಣ್ಯಾತಗಿತ್ತಿ. ಹೀಗಿರುವಾಗ "ಅಕ್ಕನ್ನ ನಾ ಮಾತಾಡಸ್ತೀನಿ, ನನ್ನ ಪ್ರೋಗ್ರಾಂ ಮಾತಾಡಸ್ತೈತಿ" ಎಂದು ಎದೆ ತಟ್ಟಿಕೊಂಡು ಬಂದವನು ನಮ್ಮ ಮಾವ. ಇದನ್ನು ಕೇಳಿ ನನ್ನ ಎದೆ ಏಕೆ ಧಸಕ್ಕೆಂದಿತು ಎಂದು ತಿಳಿಯಬೇಕಾದರೆ ನೀವು ಅವನ ಪೂರ್ವಚರಿತ್ರೆ ಕೇಳಬೇಕು.

ಮಾವ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ತೂಕ ಹಿಡಿಯುವವನು. ಗಿರಣಿಗೆ ಕಂಪ್ಯೂಟರ್ ಬಂತು. ಅದು ಆಗಾಗ ಮುನಿಸಿಕೊಳ್ಳುತ್ತಿತ್ತು. ಮುನಿಸಿಕೊಂಡಾಗಲೆಲ್ಲ ಒಬ್ಬ ಇಸ್ತ್ರಿ ಅಂಗಿಯವನು ಬಂದು, ಎರಡು ಗುಂಡಿ ಒತ್ತಿ, ಒಂದು ಚಾ ಕುಡಿದು ಹೋಗುತ್ತಿದ್ದ. ಮೂರನೇ ಸಲ ಮಾವ ಕೇಳಿದ, "ಸರ, ಯಾವ ಗುಂಡಿ ಒತ್ತಿದ್ರಿ?" ಆತ ಚಾದ ಲೋಟ ಕೆಳಗಿಟ್ಟು, "ಅದು ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದ. ಅಷ್ಟೇ! ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದ, ಐವತ್ತು ದಾಟಿದ ನಮ್ಮ ಮಾವ ಅವತ್ತೇ ಪ್ರೋಗ್ರಾಂ ಕಲಿಯಲು ಶುರುಮಾಡಿದ.

ಕಲಿತದ್ದು ಹೇಗೆ ಅಂತೀರಿ? ಫೋನಿನಲ್ಲಿ. ಹಿಂದಿ ವಿಡಿಯೋ ಅರ್ಧ, ಆಂಧ್ರದಿಂದ ಬಂದು ಕಾಲುವೆ ಬದಿಯ ಕ್ಯಾಂಪುಗಳಲ್ಲಿ ನೆಲೆಸಿದ ಜನರಿಂದ ಕಲಿತ ತೆಲುಗಿನಲ್ಲಿ ಇನ್ನರ್ಧ. ಗಿರಣಿಯ ತೂಕದ ಚೀಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಪ್ರೋಗ್ರಾಂ ಬರೆಯುತ್ತಿದ್ದ. ಬರೆದದ್ದನ್ನು ನಡೆಸಿ ನೋಡಲು ಅವನ ಹತ್ತಿರ ಕಂಪ್ಯೂಟರ್ ಎಲ್ಲಿತ್ತು? ಹಾಗಾಗಿ ಒಂದು ವರ್ಷ ಪೂರ್ತಿ ಕಂಪ್ಯೂಟರ್ ನಾನೇ ಆಗಿದ್ದೆ.

"ಪಾರಿ, ನೀ ಈಗ ಮಷೀನು. ಸ್ವಂತ ತಲಿ ಓಡಸಬ್ಯಾಡ. ನಾ ಬರದಷ್ಟ ಮಾಡು" ಎಂದು ಕಾರಟಗಿಯ ಅವನ ಮನೆಯಲ್ಲಿ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ. ಚಾ ಮಾಡುವ ಪ್ರೋಗ್ರಾಂ ಅದು. ಒಲೆ ಹಚ್ಚು, ಹಚ್ಚಿದೆ. ನೀರಿಡು, ಇಟ್ಟೆ. ನಾಲ್ಕನೇ ಸಾಲು: "ಸಿಹಿ ಆಗುವ ತನಕ ಸಕ್ಕರೆ ಹಾಕು." ನಾನು ಒಂದೊಂದೇ ಚಮಚ ಹಾಕುತ್ತಾ ಹೋದೆ. ಹಾಕಿದೆ, ಹಾಕಿದೆ, ಹಾಕುತ್ತಲೇ ಇದ್ದೆ. ಡಬ್ಬಿಯ ತಳ ಕಂಡಾಗ ಮಾವ ಕಣ್ಣು ಬಿಟ್ಟು, "ಇನ್ನೂ ಸಿಹಿ ಆಗಿಲ್ಲೇನು?" ಎಂದ.

"ನನಗೇನ್ ಗೊತ್ತು ಮಾವ? ರುಚಿ ನೋಡು ಅಂತ ನೀ ಬರದಾ ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಹಣೆ ಬಡಿದುಕೊಳ್ಳುತ್ತಿದ್ದರು. ಮಾವ ಕುಣಿದಾಡಿಬಿಟ್ಟ! "ಶಭಾಶ್! ಇದಕ್ಕ ಮುಗಿಲಾರದ ಲೂಪು ಅಂತಾರ! ನನಗ ಬಿತ್ತು ನೋಡು, ಲೂಪು ಬಿತ್ತು!" ಅಷ್ಟರಲ್ಲಿ ಹಿಂದಿನಿಂದ ಬಂದ ನಮ್ಮ ಅತ್ತೆ ಖಾಲಿ ಡಬ್ಬಿ ನೋಡಿದಳು. "ಇದಕ್ಕ ನಮ್ಮ ಮನ್ಯಾಗ ಬ್ಯಾರೆ ಹೆಸರೈತಿ" ಎಂದು ಚಮಚ ಕಸಿದುಕೊಂಡಳು.

ಅತ್ತೆಗೂ ಅವನು ವಿದ್ಯೆ ಧಾರೆಯೆರೆಯಲು ನೋಡಿದ್ದುಂಟು. ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತಾ ನಿಂತುಬಿಟ್ಟರೆ ಕಂಪ್ಯೂಟರ್ ಹೇಗೆ ಗರ ಬಡಿದಂತೆ ಕೂರುತ್ತದೆ ಎಂದು ವಿವರಿಸುತ್ತಿದ್ದ. "ನಮ್ಮ ಗಾದಿ ಇಲ್ಲೇನು? ಹುಚ್ಚು ಬಿಡೂತನಕ ಮದುವಿ ಆಗಂಗಿಲ್ಲ, ಮದುವಿ ಆಗೂತನಕ ಹುಚ್ಚು ಬಿಡಂಗಿಲ್ಲ. ಇದಾ ಅದು!" ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮಗ ಮದುವ್ಯಾಗಿ ಮೂವತ್ತು ವರ್ಷಾತು. ಯಾವಾಗ ಬಿಡತೈತಂತ ಅದನ್ನರ ಹೇಳ್ರಿ" ಎಂದಳು. ಪಾಠ ಅಲ್ಲಿಗೇ ನಿಂತಿತು.

ಮನೆಯೊಳಗಿನ ಹುಚ್ಚು ಮನೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ನವಲಿಯಲ್ಲಿರುವ ನಮ್ಮ ದೊಡ್ಡಪ್ಪನ ಕಣಕ್ಕೂ ಬಂತು. ಈಗ ನೆಲ್ಲನ್ನು ಯಂತ್ರವೇ ಕೊಯ್ದು ಗಾಡಿಗೆ ಸುರಿಯುತ್ತದೆ, ನಿಜ. ಆದರೆ ಮನೆಯಲ್ಲಿ ಉಣ್ಣಲು ಇಟ್ಟುಕೊಳ್ಳುವ ನೆಲ್ಲನ್ನು ನಮ್ಮ ದೊಡ್ಡಪ್ಪ ಇವತ್ತಿಗೂ ರಾಶಿ ಹಾಕಿಸಿ, ಪೂಜೆ ಮಾಡಿ, ಬುಟ್ಟಿಯಿಂದ ಅಳೆಸುತ್ತಾರೆ. ನಮ್ಮ ಕಡೆ ಮೊದಲ ಬುಟ್ಟಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಹೀಗೆ ಎಣಿಕೆ ಸಾಗುತ್ತದೆ. ಆ ಸಲ ಎಣಿಸುವ ಮರ್ಯಾದೆ ಮಾವನಿಗೆ ಬಂತು. ಊದುಬತ್ತಿ ಹೊಗೆಯಾಡುತ್ತಿದೆ, ಎಲ್ಲರೂ ಕೈಮುಗಿದು ನಿಂತಿದ್ದೇವೆ. ಮಾವ ಮೊದಲ ಬುಟ್ಟಿ ಎತ್ತಿ, ಕಣವೆಲ್ಲ ಕೇಳುವಂತೆ ಕೂಗಿದ: "ಸೊನ್ನಿ!"

ದೊಡ್ಡಪ್ಪನ ರುಮಾಲು ಕಳಚುವುದೊಂದು ಬಾಕಿ. "ರಾಶಿ ಮುಂದ ನಿಂತು ಸೊನ್ನಿ ಅಂತೀಯಲ್ಲೋ! ನಿನ್ನ ಬಾಯಾಗ ಮಣ್ಣು ಬೀಳ್ಲಿ!"

"ಅಣ್ಣಾ, ಕಂಪ್ಯೂಟರ್ ಮೊದಲನೇದಕ್ಕ ಸೊನ್ನಿ ಅಂತನಾ ಎಣಸ್ತೈತಿ..."

"ಅದೇನು ಉಣ್ಣತೈತೇನು? ಏನರ ಅಂದೀತು! ನಾವು ಉಣ್ಣಾವ್ರು!"

ಮತ್ತೊಂದು ಕಾಯಿ ಒಡೆದು, ಮತ್ತೆ ಪೂಜೆ ಮಾಡಿ, ಬೇರೆಯವರ ಕೈಯಿಂದ ಅಳೆಸಿದರು. ಮಾವನಿಗೆ ಬೇಜಾರಾಯಿತೇ? ಎಳ್ಳಷ್ಟೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆ ತಿಂದ. ಮೊದಲನೆಯದು ಒಂದಲ್ಲ ಎಂಬುದು ನಮ್ಮ ಹಿರಿಯರಿಗೆ ಕಂಪ್ಯೂಟರಿಗಿಂತ ಮೊದಲೇ ಗೊತ್ತಿತ್ತಂತೆ, ಹೆಸರು ಮಾತ್ರ ಬೇರೆ ಇಟ್ಟಿದ್ದರಂತೆ! ಅಂದಿನಿಂದ ಮಾವ ಎಲ್ಲವನ್ನೂ ಸೊನ್ನೆಯಿಂದಲೇ ಎಣಿಸತೊಡಗಿದ. "ಎರಡನೇ ಬಸ್ಸಿಗೆ ಬರ್ತೀನಿ" ಎಂದಿದ್ದಕ್ಕೆ ಒಮ್ಮೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಒಣಗಿಕೊಂಡು ಕಾದೆ. ಇಳಿದದ್ದು ಮೂರನೇ ಬಸ್ಸಿನಿಂದ. "ನನ್ನ ಲೆಕ್ಕದಾಗ ಇದು ಎರಡನೇದ" ಎಂದು ಹಲ್ಲು ಕಿರಿದ. ಇಂಥವನ ಜೊತೆ ಯಾರು ವಾದ ಮಾಡುತ್ತಾರೆ?

ಕೊನೆಗೆ, ಬಾಗಿಲು ಮುಚ್ಚಿದ ಒಂದು ಜೆರಾಕ್ಸ್ ಅಂಗಡಿಯಿಂದ ಹಳೆಯ ಕಂಪ್ಯೂಟರ್ ಒಂದನ್ನು ಹೊತ್ತು ತಂದ. ಅದರಲ್ಲಿ ಬರೆದ ಮೊದಲ ದೊಡ್ಡ ಪ್ರೋಗ್ರಾಂ ಗಿರಣಿಯ ಪಾಳಿಯದು. ಸುಗ್ಗಿಯಲ್ಲಿ ಗಿರಣಿಯ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದಲ್ಲ, ಯಾರ ಪಾಳಿ ಯಾವಾಗ ಎಂದು ಹೆಸರು ಹಿಡಿದು ಕೂಗಲು ಮೈಕಿಗೆ ಜೋಡಿಸಿದ್ದ. ಹೆಸರು ಎರಡು ಸಲ ಬಂದರೆ ಅದು ತಪ್ಪಿ ಬರೆದದ್ದು, ಒಂದನ್ನು ಅಳಿಸು ಎಂದು ಪ್ರೋಗ್ರಾಮಿಗೆ ಬುದ್ಧಿ ಬೇರೆ ಹೇಳಿದ್ದ. ಆದರೆ ಕನಕಗಿರಿ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲು ಒಗೆದರೆ ಅದು ಒಬ್ಬ ಕನಕಪ್ಪನಿಗೇ ಬೀಳುತ್ತದೆ! ಅವತ್ತು ಸಾಲಿನಲ್ಲಿ ಹನ್ನೊಂದು ಜನ ಕನಕಪ್ಪಂದಿರಿದ್ದರು. ಪ್ರೋಗ್ರಾಂ ಹನ್ನೊಂದೂ ಜನರನ್ನು ಒಬ್ಬನನ್ನಾಗಿ ಮಾಡಿತು. "ಕನಕಪ್ಪ ಬರ್ರಿ" ಎಂದು ಮೈಕು ಕೂಗಿದ್ದೇ ತಡ, ಹನ್ನೊಂದು ಟ್ರ್ಯಾಕ್ಟರುಗಳು ಒಂದೇ ಗೇಟಿಗೆ ನುಗ್ಗಿದವು. ಗಿರಣಿ ಮಾಲೀಕರು ಬಂದು ತಂತಿಯನ್ನೇ ಕಿತ್ತರು. "ನೀ ತೂಕ ಹಿಡಿ ಮಾರಾಯ, ಅಷ್ಟ ಸಾಕು" ಎಂದರು.

ಊರೆಲ್ಲ ನಕ್ಕಿತು. ನಗದೆ ಉಳಿದವಳು ನಮ್ಮ ಅವ್ವ. ಗಂಗಾವತಿಯಿಂದ ಬಸ್ಸು ಹತ್ತಿ ಹೋಗಿ, ಆ ಹಳೆ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ತನಗೆ ಒಂದಕ್ಷರವೂ ತಿಳಿಯದ ಆ ಸಾಲುಗಳನ್ನು ಬಹಳ ಹೊತ್ತು ನೋಡಿದಳು. "ಹನ್ನೊಂದು ಮಂದಿ ಒಂದಾ ಹೆಸರು ಇಟ್ಕೊಂಡ್ರ ನಮ್ಮ ತಮ್ಮ ಏನ್ ಮಾಡ್ಬೇಕು?" ಎಂದು ತೀರ್ಪು ಕೊಟ್ಟಳು. ಅವಳು ಬಿದ್ದ ಮೇಲೆ ಮಾವ ಅಷ್ಟೊಂದು ಒದ್ದಾಡಿದ್ದು ಯಾಕೆಂದು ಈಗ ನಿಮಗೂ ತಿಳಿದಿರಬೇಕು.

ಪ್ರತಿ ಭಾನುವಾರ ಬರತೊಡಗಿದ. ಮೊದಲ ಭಾನುವಾರ ಕಂಪ್ಯೂಟರ್ ಇಲ್ಲದೆ, ಬರೀ ವಿದ್ಯೆ ಹಿಡಿದುಕೊಂಡು ಬಂದ. "ಇದಕ್ಕ ಅರ್ಧ ಮಾಡಿ ಹುಡುಕೂದು ಅಂತಾರ ಪಾರಿ. ಜಗತ್ತನ್ನ ಎರಡು ಪಾಲು ಮಾಡೂದು, ಒಂದನ್ನ ಬಿಡೂದು. ಉಳದದ್ದನ್ನ ಮತ್ತ ಎರಡು ಪಾಲು ಮಾಡೂದು. ಇಪ್ಪತ್ತು ಪ್ರಶ್ನಿಯೊಳಗ ಅಕ್ಕನ ಮನಸಿನ್ಯಾಗ ಏನೈತಿ ಅಂತ ಹಿಡೀತೀನಿ." ಹೌದಾದರೆ ಎಡಗೈ ಎತ್ತಬೇಕು ಎಂದು ಅವ್ವನಿಗೆ ನಿಯಮ ಹೇಳಿದ.

"ಅಕ್ಕಾ, ತಿನ್ನೂದೇನು?" ಕೈ ಏಳಲಿಲ್ಲ. "ಮನಿ ಒಳಗಿಂದೇನು?" ಕೈ ಎದ್ದಿತು. ನನಗೂ ಆಸೆ ಹುಟ್ಟಿತು. "ಜೀವ ಇದ್ದದ್ದೇನು?" ಎದ್ದಿತು. "ಜೀವ ಇಲ್ಲದ್ದೇನು?" ಅದಕ್ಕೂ ಎದ್ದಿತು! ಮಾವ ಪೆನ್ಸಿಲು ಕಚ್ಚುತ್ತಾ ಕೂತ. "ಎರಡಕ್ಕೂ ಹೌದು ಅಂದ್ರ ಅಕ್ಕನ ಲಾಜಿಕ್ಕಿನ್ಯಾಗ ತಪ್ಪೈತಿ" ಎಂದ. ಅವ್ವ ಅವನನ್ನು ನೋಡಿದ ನೋಟವಿತ್ತಲ್ಲ, ಅದಕ್ಕೆ ಭಾಷಾಂತರ ಬೇಕಿರಲಿಲ್ಲ. ಹೊಲಿಗೆ ಯಂತ್ರದ ಹಿಂದಿನಿಂದ ಖೈರುನ್ ಅಕ್ಕ, "ಮಂಚದ ಬುಡಕ ಹಲ್ಲಿ ಅದಾವೇನೋ ನೋಡ್ರಿ. ಮಂಚಕ್ಕ ಜೀವ ಇಲ್ಲ, ಹಲ್ಲಿಗೆ ಐತಿ" ಎಂದಳು. ಮಾವ ಜಿಗಿದೆದ್ದ! ಮತ್ತೇನು? ನಾನು ಮಂಚ ಸರಿಸಿ, ಮೂಲೆಮೂಲೆ ಗುಡಿಸಿ, ಸುಣ್ಣ ಬಳಿದೆ. ಹಲ್ಲಿ ಸಿಗಲಿಲ್ಲ. ಬೆನ್ನು ನೆಟ್ಟಗೆ ಮಾಡಲಾರದೆ ಗೋಡೆ ಹಿಡಿದು ನಿಂತಾಗ ಅವ್ವ ನನ್ನತ್ತ ಬೆರಳು ಮಾಡಿ ಮಂಚ ಬಡಿದಳು ನೋಡಿ, ಆ ಸದ್ದು ಹಾದಿಯವರೆಗೂ ಕೇಳಿಸಿತು. ನಾನು ಅವತ್ತು ಮೊದಲ ಬಾರಿಗೆ ಅವಳ ಮೇಲೆ ಕೂಗಾಡಿದೆ. "ಏನ್ ಬೇಕವ್ವ ನಿನಗ? ಇನ್ನೇನ್ ಮಾಡ್ಲಿ ನಾ?" ಎಂದು ಕೇಳಿ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಮುಂದೆ ಮಾವ ಒಂದು ಹಳೆ ಫೋನಿಗೆ ಪ್ರೋಗ್ರಾಂ ಬರೆದು ತಂದ. ಪರದೆಯ ಮೇಲೆ ಚಿತ್ರಗಳು. ಚಿತ್ರ ಮುಟ್ಟಿದರೆ ಫೋನು ಮಾತನಾಡುತ್ತದೆ. ಚಿತ್ರಗಳನ್ನು ಅವನೇ ಬಿಡಿಸಿದ್ದ. ಅವನ ಮಂಚ ಆಡಿನಂತೆ ಕಾಣುತ್ತಿತ್ತು, ಅವನು ಬಿಡಿಸಿದ ನಾನು ಹೇಗೆ ಕಾಣುತ್ತಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅವ್ವ ಕೊಡದ ಚಿತ್ರ ಮುಟ್ಟಿದಳು. ಫೋನಿನೊಳಗಿಂದ ರೈಲ್ವೆ ಸ್ಟೇಷನ್ನಿನ ಹೆಂಗಸಿನಂಥ ದನಿಯೊಂದು, "ದಯವಿಟ್ಟು ನನಗೆ ಕುಡಿಯಲು ನೀರನ್ನು ಕೊಡಿ" ಎಂದಿತು. ಅವ್ವ ಕೈ ಹಿಂದಕ್ಕೆಳೆದುಕೊಂಡು ಗೋಡೆಗೆ ಮುಖ ಮಾಡಿದಳು. ಹುಟ್ಟಿದಾಗಿನಿಂದ ಯಾರಿಗೂ ದಯವಿಟ್ಟು ಎಂದವಳಲ್ಲ ಅವಳು! ಎಷ್ಟು ಬೇಡಿಕೊಂಡರೂ ಮತ್ತೆ ಆ ಫೋನು ಮುಟ್ಟಲಿಲ್ಲ. ಮಾವ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದ. ಹೋಗುವ ಮುಂಚೆ ನಮ್ಮ ಮನೆಯ ಕೊಡ, ಫ್ಯಾನು, ಮಂಚ, ನನ್ನ ಮುಖ ಎಲ್ಲದರ ಫೋಟೋ ಹೊಡೆದುಕೊಂಡ. ಆಮೇಲೆ ಮೂರು ಭಾನುವಾರ ಪತ್ತೆಯಿಲ್ಲ. ಅವನಿಗೂ ಸಾಕಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೆ ಹೊಟ್ಟೆಕಿಚ್ಚೂ ಆಯಿತು. ಸಾಕಾದಾಗ ಬರದೇ ಇರುವ ಅನುಕೂಲ ಅವನಿಗಾದರೂ ಇತ್ತು.

ನಾಲ್ಕನೇ ಭಾನುವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಅವ್ವನ ಚಾದರ ಒಗೆಯುತ್ತಿದ್ದೆ. ಒಳಗಿನಿಂದ ಅವ್ವ ಕೂಗಿದಳು.

"ಏ ಖೋಡಿ, ನೀರ್ ಕುಡಿ ಮೊದ್ಲ!"

ಅವ್ವನ ದನಿ! ಎಂಟು ತಿಂಗಳ ಹಿಂದಿನ ಅದೇ ಒರಟು, ಅದೇ ಎಳೆತ. ಸೋಪಿನ ಕೈಯಲ್ಲೇ, ಹಸಿ ಚಾದರ ಎಳೆದುಕೊಂಡೇ ಓಡಿದೆ. ಅವ್ವ ಮಂಚದ ಮೇಲೆ ಒರಗಿ ಕೂತಿದ್ದಾಳೆ. ಮುಂದೆ ಅದೇ ಹಳೆ ಫೋನು. ಪಕ್ಕದಲ್ಲಿ ಮಾವ, ಅವನ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡ ಖೈರುನ್ ಅಕ್ಕ. ಅವ್ವ ತಟ್ಟೆಯ ಫೋಟೋ ಮುಟ್ಟಿದಳು. "ಉಂಡ್ಯೋ ಇಲ್ಲೋ? ಹಂಗಾ ಕುಂತು ಸಾಯಿ!" ಎಂದಿತು ಫೋನು, ಅವ್ವನ ದನಿಯಲ್ಲಿ. ಫ್ಯಾನು ಮುಟ್ಟಿದಳು. "ಗಾಳಿಗೆ ಕುಂದರಬ್ಯಾಡ, ನೆಗಡಿ ಆದ್ರ ನಾ ಬರಂಗಿಲ್ಲ ನೋಡು!"

"ಇದೇನ್ ಮಾವ, ಬರೀ ಬೈಗಳ?" ಎಂದೆ. ನಗು, ಅಳು ಯಾವುದು ಬರುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

"ನಾ ಏನ್ ಮಾಡ್ಲಿ? ಬೀಳೂಕಿಂತ ಮೊದ್ಲ ನಾಕು ವರ್ಷ ನಿಮ್ಮವ್ವ ದಿನಾ ಫೋನಿನ್ಯಾಗ ಮಾತಾಡಿ ಕಳಿಸಿದ್ದು ಇವಾ. ಬೈಯಲಾರದ್ದು ಹುಡುಕಿದ್ರ ಸಿಗವಲ್ದು." ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. "ಫೋನ್ ತುಂಬಿದಾಗೆಲ್ಲ ನನ್ನ ಪ್ರೋಗ್ರಾಂ ಅಳಿಸೀನಿ ಪಾರಿ. ಅಕ್ಕನ ಬೈಗಳ ಅಳಿಸಿಲ್ಲ."

ಮೂರು ವಾರ ಕೂತು ಆ ಎಲ್ಲ ಮಾತುಗಳನ್ನು ಕೇಳಿ, ಕತ್ತರಿಸಿ, ಒಂದೊಂದು ತುಣುಕನ್ನು ಒಂದೊಂದು ಫೋಟೋಕ್ಕೆ ಕಟ್ಟಿದ್ದ. ಒಂದರ ಹಿಂದೆ ಒಂದು ಮುಟ್ಟಿದರೆ ಮಾತು ಜೋಡಣೆಯಾಗುತ್ತಿತ್ತು. ಅವ್ವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಎಡಗೈ ಬೆರಳು ಪರದೆಯ ಮೇಲೆ ನಿಧಾನ ಓಡಾಡಿ, ಮೊದಲು ನನ್ನ ಫೋಟೋದ ಮೇಲೆ ನಿಂತಿತು. "ಪಾರಿ" ಎಂದಿತು ಫೋನು. ಎಲ್ಲೋ ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಮಾತಿರಬೇಕು, ಹಿಂದೆ ಹಾರ್ನು ಕೇಳಿಸುತ್ತಿತ್ತು. ಆಮೇಲೆ ಮಂಚ. "ಮಲ್ಕೊ." ತಮ್ಮ ಕಂಪ್ಯೂಟರ್ ಬಿಟ್ಟು ಮಲಗಲೊಲ್ಲ ಎಂದು ಬೈದದ್ದು ಅದು. ಕೊನೆಗೆ ಎತ್ತಿದ ಅಂಗೈ. "ಸಾಕು."

ಮಲಗಿಸು ಎನ್ನುತ್ತಿದ್ದಾಳೆ ಎಂದು ನಾನು ದಿಂಬು ಸರಿಮಾಡಿ ಅವಳ ಹೆಗಲಿಗೆ ಕೈ ಹಾಕಿದೆ. ಅವ್ವ ನನ್ನ ಕೈ ಕೊಡವಿದಳು. ಮತ್ತೆ ಮುಟ್ಟಿದಳು. "ಪಾರಿ. ಮಲ್ಕೊ. ಸಾಕು." ನಾನು ಚಾದರ ಎಳೆದು ಸರಿಮಾಡಹೋದೆ. ಮೂರನೇ ಸಲವೂ ಮುಟ್ಟಿದಳು. "ಪಾರಿ. ಮಲ್ಕೊ. ಸಾಕು."

"ಆಕಿನ್ನ ಅಲ್ಲ ಪಾರಿ" ಎಂದ ಮಾವ, ಮೆಲ್ಲಗೆ. "ನಿನಗ ಹೇಳಾಕತ್ಯಾಳ. ನೀ ಮಲ್ಕೋಬೇಕಂತ."

ಹಾಸಿಗೆಗೆ ಹತ್ತಿ ತುಂಬಿಸಿದೆ, ಚಾದರ ಒಗೆದೆ, ಮಂಚ ತಿರುಗಿಸಿದೆ, ಸುಣ್ಣ ಬಳಿದೆ. ಅವಳು ಎಂಟು ತಿಂಗಳಿಂದ ಹೇಳುತ್ತಿದ್ದದ್ದು ಇಷ್ಟೇ. ನೀನು ದಣಿದಿದ್ದೀ, ಒಂದು ಗಳಿಗೆ ಬಂದು ಅಡ್ಡಾಗು ಅಂತ. ತಿಳಿಯದ ನಾನು ಅವಳೆದುರಿಗೇ ಇನ್ನಷ್ಟು ದುಡಿದೆ, ಅವಳು ನೋಡುತ್ತಾ ಒಳಗೇ ಬೆಂದಳು. ನನಗೆ ಅಳು ತಡೆಯಲಾಗಲಿಲ್ಲ. ಮಾವ ಹಸಿ ಚಾದರವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಿಂಡಲು ಹಿತ್ತಲಿಗೆ ಹೋದ. ಖೈರುನ್ ಅಕ್ಕ ಹೊಲಿಗೆ ಯಂತ್ರಕ್ಕೆ ಮುಚ್ಚಳ ಹಾಕಿದಳು.

ನಡುಮಧ್ಯಾಹ್ನ, ಶಾಲೆ ಮಕ್ಕಳ ತಿದ್ದದ ನೋಟುಪುಸ್ತಕಗಳು ಹಾಗೇ ಇರಲಿ ಎಂದು ಅವ್ವನ ಪಕ್ಕದಲ್ಲಿ ಮುದುಡಿಕೊಂಡು ಮಲಗಿದೆ. ಅವಳು ನನ್ನ ತಲೆಯ ಮೇಲೆ ಎಡಗೈ ಇಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ಆ ಕೈ ಮಂಚ ಬಡಿಯಲಿಲ್ಲ.